ಸಹಿ ಕೇಳಿದ ಖುಲಾ ಕಾಗದ

ಆಕೆಯನ್ನು ಶಬಾನಾ ಎನ್ನೋಣ. ಗುರುತು ಸಿಗುವ ವಿವರಗಳನ್ನೂ ಬದಲಿಸಿದ್ದೇನೆ. ಬೆಂಗಳೂರಿನ ಗೋರಿಪಾಳ್ಯದ ತವರಿನಲ್ಲಿ ಆರು ವರ್ಷದ ಮಗಳೊಂದಿಗೆ ಇದ್ದಾಳೆ, ಗಾರ್ಮೆಂಟ್ಸ್‌ನಲ್ಲಿ ಕೆಲಸ. ಗಂಡ ಎರಡು ವರ್ಷಕ್ಕೂ ಮೇಲ್ಪಟ್ಟು ಬಿಡಿಗಾಸು ಕೊಟ್ಟಿಲ್ಲ. ರಂಜಾನ್‌ಗೆ ಮುಂಚೆ ಮೂರು ಸಲ ತಲಾಖ್ ಹೇಳಿ ವಾಟ್ಸ್‌ಆ್ಯಪ್‌ನಲ್ಲಿ ಧ್ವನಿಸಂದೇಶ ಕಳಿಸಿದ. ಈಗ ಅವನ ಅಣ್ಣ ಛಾಪಾ ಕಾಗದವೊಂದನ್ನು ತಂದು, ಸಹಿ ಹಾಕಿದರೆ ಎಲ್ಲ ಮುಗಿಯಿತು ಎಂದಿದ್ದಾನೆ.

ಆ ಕಾಗದ ಹಿಡಿದು ನನ್ನ ಸಲಹೆ ಕೇಳಲು ಬಂದಿದ್ದಳು. ಓದಿದೆ. ‘ಸ್ವಂತ ಇಚ್ಛೆಯಿಂದ ಖುಲಾ ಕೋರುತ್ತಿದ್ದೇನೆ, ಮೆಹರ್ ಮಾಫ್ ಮಾಡಿದ್ದೇನೆ, ಇದ್ದತ್‌ನ ಖರ್ಚಾಗಲಿ ಮಗುವಿನ ಖರ್ಚಾಗಲಿ ಕೇಳುವುದಿಲ್ಲ.’ ಖುಲಾ ಎಂದರೆ ಹೆಂಡತಿಯೇ ಕೇಳಿ ಪಡೆಯುವ ವಿಚ್ಛೇದನ; ಮೆಹರ್ ಎಂದರೆ ಮದುವೆಯಲ್ಲಿ ಗಂಡ ಹೆಂಡತಿಗೆ ಕೊಡಲು ಒಪ್ಪಿದ ಹಣ; ಇದ್ದತ್ ಎಂದರೆ ವಿಚ್ಛೇದನದ ನಂತರ ಹೆಂಡತಿ ಕಾಯಬೇಕಾದ ಅವಧಿ. ಆಕೆಯ ಹೆಸರಿನ ಕಾಗುಣಿತವೇ ತಪ್ಪು. ನಿಕಾಹ್‌ನಾಮೆಯಲ್ಲಿ 50,000 ರೂಪಾಯಿ ಮೆಹರ್ ಬಾಕಿ ಎಂದಿದೆ; ಇಲ್ಲಿ ಮೊತ್ತದ ಜಾಗ ಖಾಲಿ. ಬಿಟ್ಟವನು ಅವನು, ಬಿಡುಗಡೆ ಬೇಡಿದವಳು ಇವಳು! ಒಮ್ಮೆಗೇ ಮೂರು ತಲಾಖ್ ಹೇಳುವುದನ್ನು ಅಪರಾಧವಾಗಿಸಿದ 2019ರ ಕಾಯ್ದೆಯಲ್ಲಿರುವ ಮೂರು ವರ್ಷದವರೆಗಿನ ಜೈಲಿನ ಭಯ ಇಂಥ ಕಾಗದಗಳನ್ನು ಬರೆಸುತ್ತದೆ.

‘ತಲಾಖ್ ಆಗಿಹೋಗಿದೆಯಲ್ಲ ಮೇಡಂ, ಇನ್ನು ಸಹಿ ಹಾಕಿದರೇನು?’ ಎಂದರು ಜೊತೆಗೆ ಬಂದಿದ್ದ ತಾಯಿ.

ಆಗಿಲ್ಲ ಎಂದೆ. ಒಂದೇ ಉಸಿರಿನ ಮೂರು ತಲಾಖನ್ನು ಸುಪ್ರೀಂ ಕೋರ್ಟ್ 2017ರಲ್ಲೇ ತಳ್ಳಿಹಾಕಿದೆ. 2019ರ ಕಾಯ್ದೆಯೂ ಅಸಿಂಧು ಎನ್ನುತ್ತದೆ. ಕಾನೂನಿನ ಲೆಕ್ಕದಲ್ಲಿ ಶಬಾನಾ ಇನ್ನೂ ಅವನ ಹೆಂಡತಿ. ಹಾಗೆಂದು ಮರಳಿ ಹೋಗಬೇಕೆಂದಲ್ಲ. ಹೋಗುವುದಿಲ್ಲವೆಂದು ಆಕೆ ಮೊದಲೇ ಹೇಳಿದ್ದಳು. ಅದನ್ನು ಅಲುಗಾಡಿಸುವುದು ನನ್ನ ಕೆಲಸವಲ್ಲ.

ಈ ಕಾಗದಕ್ಕೆ ಸಹಿ ಬೇಡ ಎಂದೆ. ಖುಲಾ ಕೇಳುವುದು ಹೆಂಡತಿಯ ಹಕ್ಕು, ನಿಜ. ಆದರೆ ಅಲ್ಲಿ ಸಾಮಾನ್ಯವಾಗಿ ಮೆಹರ್ ಬಿಟ್ಟುಕೊಡಬೇಕಾಗುತ್ತದೆ. ಇಬ್ಬರಿಗೂ ಬೇಡವಾದ ಮದುವೆಗೆ ಮುಬಾರಾತ್, ಅಂದರೆ ಪರಸ್ಪರ ಒಪ್ಪಿಗೆಯ ವಿಚ್ಛೇದನ ಇದೆ; ಮೆಹರ್ ಸಲ್ಲಿಸುವ ಷರತ್ತನ್ನು ಅದರಲ್ಲೇ ಬರೆಸಬಹುದು. ಅವನು ಒಪ್ಪದಿದ್ದರೆ 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆ. ಎರಡು ವರ್ಷ ಜೀವನಾಂಶ ಕೊಡದಿದ್ದುದೇ ಅಲ್ಲಿ ಸಾಕಾದ ಕಾರಣ, ಮೆಹರ್ ಹಕ್ಕೂ ಉಳಿಯುತ್ತದೆ. ಇಷ್ಟು ಹಳೆಯ ಕಾಯ್ದೆ ಮನೆಮನೆಗೆ ಗೊತ್ತಿರಬೇಕಿತ್ತು. ಮಗಳ ಖರ್ಚಂತೂ ತಾಯಿ ಮಾಫ್ ಮಾಡುವ ಬಾಬತ್ತೇ ಅಲ್ಲ.

ಪೊಲೀಸ್ ದೂರಿನ ತೀರ್ಮಾನವನ್ನು ಆಕೆಗೇ ಬಿಟ್ಟೆ. ಜೈಲು ಸೇರಿದವನಿಂದ ಜೀವನಾಂಶ ವಸೂಲಿ ಕಷ್ಟ ಎಂಬುದನ್ನೂ ಮುಚ್ಚಿಡಲಿಲ್ಲ. ಧ್ವನಿಸಂದೇಶ ಮಾತ್ರ ಅಳಿಸಬೇಡಿ ಎಂದೆ. ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಪತ್ರ ಬರೆದುಕೊಟ್ಟೆ.

ಜೀವನಾಂಶದ ಅರ್ಜಿ ಬಿದ್ದ ಮೇಲೆ ಭಾವನ ದನಿ ಇಳಿದಿದೆ. ಮುಬಾರಾತ್‌ಗೆ ಒಪ್ಪಿದ್ದಾರೆ, ಮೆಹರನ್ನು ಕಂತಿನಲ್ಲಿ ಕೊಡುತ್ತಾರಂತೆ. ಕಂತಾದರೆ ಆಗಲಿ, ಕೊನೆಯ ಕಂತು ಕೈಸೇರಿದ ಮೇಲೆಯೇ ಸಹಿ ಎಂದಿದ್ದೇನೆ.