ಮೆಸಾನ್ ಒಳಗೆ ಇಣುಕುವುದು ಹೇಗೆ?

ಪ್ರಶ್ನೆ: ಸರ್, ಕ್ವಾರ್ಕ್ ಮತ್ತು ಪ್ರತಿಕ್ವಾರ್ಕ್ ಜೋಡಿಯಾದ ಭಾರದ ಮೆಸಾನ್ ಕಣಗಳ ಒಳರಚನೆಯನ್ನು ‘ಲ್ಯಾಟಿಸ್ ಕ್ಯೂಸಿಡಿ’ಯಿಂದ, ಅಂದರೆ ಕ್ವಾರ್ಕ್‌ಗಳ ನಡುವಿನ ಬಲದ ಸಿದ್ಧಾಂತವನ್ನು ಚೌಕಗಳ ಜಾಲರಿಯ ಮೇಲಿಟ್ಟು, ಲೆಕ್ಕ ಹಾಕುತ್ತಾರೆ ಎಂದು ಓದಿದೆ. ಪ್ರಯೋಗ ಮಾಡಿಯೇ ನೋಡಬಹುದಲ್ವಾ? ಕಂಪ್ಯೂಟರ್ ಯಾಕೆ ಬೇಕು?
– ಬಿ.ಎಸ್ಸಿ. ವಿದ್ಯಾರ್ಥಿನಿ, ವಿನೋಬ ನಗರ, ದಾವಣಗೆರೆ

ಉತ್ತರ: ನೋಡಮ್ಮಾ, ಕೆಲವನ್ನು ಪ್ರಯೋಗದಲ್ಲಿ ನೋಡಲು ಆಗುವುದೇ ಇಲ್ಲ. ಈಟಾ-ಸಿ ಎಂಬ ಮೆಸಾನನ್ನೇ ತಗೋ. ಚಾರ್ಮ್ ಎಂಬ ಭಾರದ ಕ್ವಾರ್ಕ್ ಒಂದು, ಅದರದೇ ಪ್ರತಿಕ್ವಾರ್ಕ್, ಜೊತೆಗೆ ಅವನ್ನು ಅಂಟಿಸಿಡುವ ಗ್ಲೂಆನ್ ಕಣಗಳ ಗದ್ದಲ. ಎಲೆಕ್ಟ್ರಾನ್ ಹೊಡೆದು ಪ್ರೋಟಾನನ್ನು ಅಳೆದ ಹಾಗೆ ಇದನ್ನು ಅಳೆಯೋಣ ಎಂದರೆ, ಗುರಿ ಇಡುವ ಮೊದಲೇ ಒಡೆದು ಹೋಗಿರುತ್ತದೆ. ಮೇಲಾಗಿ ಎರಡರ ವಿದ್ಯುದಾವೇಶ ಸೇರಿ ಸೊನ್ನೆ. ಎಲೆಕ್ಟ್ರಾನ್ ತಾಕುವುದು ಫೋಟಾನ್ ಎಂಬ ಬೆಳಕಿನ ಕಣದ ಮೂಲಕ; ಅದಕ್ಕೆ ಇಲ್ಲಿ ಏನೂ ಕಾಣುವುದಿಲ್ಲ.

ಲೆಕ್ಕದಲ್ಲಿ ಮಾತ್ರ ಒಂದು ತುಂಟತನ ಮಾಡಬಹುದು. ಫೋಟಾನ್ ಕ್ವಾರ್ಕನ್ನಷ್ಟೇ ಮುಟ್ಟಲಿ, ಪ್ರತಿಕ್ವಾರ್ಕಿನ ತಂಟೆಗೆ ಹೋಗದಿರಲಿ ಎಂದು ಹೇಳಬಹುದು. ಪ್ರಕೃತಿ ಒಪ್ಪಲ್ಲ, ಕಂಪ್ಯೂಟರ್ ಒಪ್ಪುತ್ತದೆ! 2006ರಲ್ಲಿ ಹೀಗೆ ಮಾಡಿದಾಗ ಸಿಕ್ಕ ತ್ರಿಜ್ಯ ಸುಮಾರು ಕಾಲು ಫೆಮ್ಟೊಮೀಟರ್ (ಮಿಲಿಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು ಒಂದು ಫೆಮ್ಟೊಮೀಟರ್). ಪ್ರೋಟಾನಿನದು ಸುಮಾರು 0.84. ಅಂದರೆ ಈಟಾ-ಸಿ ಪ್ರೋಟಾನಿಗಿಂತ ಮೂರು ಪಟ್ಟು ಭಾರ, ತ್ರಿಜ್ಯ ಮಾತ್ರ ಮೂರನೇ ಒಂದು ಪಾಲಿಗಿಂತ ಕಡಿಮೆ. ಈ ವಿಷಯದಲ್ಲಿ ನನಗೆ ತುಂಬ ಇಷ್ಟವಾದ ಲೆಕ್ಕ ಇದೇ.

ಕಾಗದದ ಮೇಲೆ ಇದು ಆಗುವುದಿಲ್ಲ. ಗ್ಲೂಆನ್‌ಗಳು ತಮ್ಮತಮ್ಮಲ್ಲೇ ಎಳೆದಾಡುತ್ತವೆ. 1974ರಲ್ಲಿ ಭೌತವಿಜ್ಞಾನಿ ಕೆನೆತ್ ವಿಲ್ಸನ್ ದಾರಿ ತೋರಿಸಿದರು. ಜಾಗ, ಕಾಲ ಎರಡನ್ನೂ ಚೌಕಗಳಾಗಿ ಕತ್ತರಿಸಬೇಕು. ಬಿಂದುಗಳಲ್ಲಿ ಕ್ವಾರ್ಕ್, ನಡುವಿನ ಗೆರೆಗಳಲ್ಲಿ ಗ್ಲೂಆನ್.

ಭಾರದ ಕ್ವಾರ್ಕ್ ಕಾಟ ಕೊಡುವುದು ಇಲ್ಲೇ. ಭಾರ ಹೆಚ್ಚಿದಷ್ಟೂ ಅದರ ಅಲೆ ಚಿಕ್ಕದು. ನಿಮ್ಮೂರ ಮಂಡಕ್ಕಿ ಭಟ್ಟಿಯ ಜರಡಿಯಲ್ಲಿ ಮಂಡಕ್ಕಿ ನಿಲ್ಲುತ್ತದೆ, ಮರಳು ಸೋರಿ ಹೋಗುತ್ತದೆ, ಅಲ್ವಾ? ಹಾಗೇ ಫೆಮ್ಟೊಮೀಟರಿನ ಹತ್ತನೇ ಒಂದು ಪಾಲಿನ ಚೌಕದಲ್ಲಿ ಚಾರ್ಮ್ ಹೇಗೋ ಸಿಗುತ್ತದೆ, ಇನ್ನೂ ಭಾರವಾದ ಬಾಟಮ್ ಕ್ವಾರ್ಕ್ ನುಸುಳಿಬಿಡುತ್ತದೆ. ಸುಮ್ನೆ ಚೌಕವನ್ನು ಅರ್ಧ ಮಾಡೋಣ ಎಂದರೆ ಜಾಗದ ಮೂರು ದಿಕ್ಕು, ಕಾಲದ ಒಂದು ಸೇರಿ ಬಿಂದುಗಳು 16 ಪಟ್ಟು ಆಗುತ್ತವೆ. ಲೆಕ್ಕದ ಖರ್ಚು ಅದಕ್ಕಿಂತ ಜಾಸ್ತಿ. ಅದಕ್ಕೇ ಬಾಟಮ್ ನಿಧಾನವಾಗಿ ಚಲಿಸುತ್ತದೆ ಎಂಬುದನ್ನು ಬಳಸಿಕೊಂಡು, ಅದರ ದ್ರವ್ಯರಾಶಿಯನ್ನು ಬದಿಗಿಟ್ಟು ಲೆಕ್ಕ ಮಾಡುವವರೂ ಇದ್ದಾರೆ.

ನಂಬಬಹುದಾ ಎಂದು ಕೇಳುತ್ತೀಯ, ಗೊತ್ತು. ಬಾಟಮ್ ಮತ್ತು ಚಾರ್ಮ್ ಸೇರಿದ ಬಿ-ಸಿ ಮೆಸಾನಿನ ದ್ರವ್ಯರಾಶಿ 6304 ಎಂಇವಿ (ಕಣಗಳ ದ್ರವ್ಯರಾಶಿ ಅಳೆಯುವ ಮಾನ) ಎಂದು ಲ್ಯಾಟಿಸ್‌ನವರು ನಿಖರ ಅಳತೆ ಬರುವ ಮೊದಲೇ ಹೇಳಿದರು. ಆಮೇಲೆ ಅಮೆರಿಕದ ಫರ್ಮಿಲ್ಯಾಬ್ ಪ್ರಯೋಗಾಲಯದ ಸಿಡಿಎಫ್ ಪ್ರಯೋಗದಲ್ಲಿ ಸಿಕ್ಕಿದ್ದು ಸುಮಾರು 6286.

ನಿನಗೆ ಕೈ ಹಾಕುವ ಆಸೆ ಇದ್ದರೆ ಮೆಸಾನಿನಿಂದ ಶುರು ಮಾಡಬೇಡ. ಸ್ಪ್ರಿಂಗಿಗೆ ಕಟ್ಟಿದ ಗುಂಡಿನಂತೆ ಅತ್ತಿತ್ತ ಆಡುವ ಹಾರ್ಮೋನಿಕ್ ಆಸಿಲೇಟರನ್ನು ಕಾಲದ ಚೌಕಗಳ ಮೇಲೆ ಇಟ್ಟು, ಪೈಥಾನ್‌ನಲ್ಲಿ ಅದರ ಶಕ್ತಿಮಟ್ಟ ತೆಗೆದು ನೋಡು. ಲ್ಯಾಪ್‌ಟಾಪ್ ಸಾಕು.
– ನಿವೃತ್ತ ಭೌತಶಾಸ್ತ್ರ ಉಪನ್ಯಾಸಕರು, ಚಿತ್ರದುರ್ಗ