ಕಾಲಿಗೆ ಕೂರಿಸಿದ ಚರ್ಮ ಉಳಿಯಬೇಕಾದರೆ

ಪ್ರಶ್ನೆ: ನಮ್ಮ ಯಜಮಾನರಿಗೆ 52 ವರ್ಷ. ಶುಗರ್ ಇದೆ, ಬೀಡಿ ಚಟವೂ ಇದೆ. ಬೈಕಿನಿಂದ ಬಿದ್ದು ಹಿಮ್ಮಡಿ ಹಿಂದಿನ ಚರ್ಮ ಕಿತ್ತುಹೋಗಿದೆ, ಗಾಯ ಮಾಗುತ್ತಲೇ ಇಲ್ಲ, ಒಳಗಿನ ದಪ್ಪ ನರ ಕಾಣುತ್ತದೆ. ಮೀನಖಂಡದ ಚರ್ಮವನ್ನು ಕೆಳಗೆ ತಿರುಗಿಸಿ ಕೂರಿಸುತ್ತೇವೆ ಎಂದು ಮಂಗಳೂರಿನ ಪ್ಲಾಸ್ಟಿಕ್ ಸರ್ಜನ್ ಹೇಳಿದ್ದಾರೆ. ಆದರೆ ಎರಡು ಸಲ ಆಪರೇಷನ್ ಅಂತೆ, ಮೊದಲು ಬೀಡಿ ಬಿಡಬೇಕಂತೆ. ಎರಡು ಸಲ ಅನ್ನುವುದು ದುಡ್ಡಿಗಾಗಿ ಎಂದು ಮೈದುನ ಹೇಳುತ್ತಾನೆ. ಚರ್ಮ ಕಪ್ಪಾದರೆ ಇಂಬಳ (ತೋಟದ ಜಿಗಣೆ) ಬಿಟ್ಟರೆ ಸಾಕು ಎಂದು ಮೊಬೈಲಿನಲ್ಲಿ ನೋಡಿದ್ದಾನೆ. ನಿಜವೇ?
– ಹೆಸರು ಬೇಡ, ಮೂಡಿಗೆರೆ

ಉತ್ತರ: ನಿಮ್ಮ ಮೈದುನನ ಅನುಮಾನ ಬಿಟ್ಟುಬಿಡಿ. ಎರಡು ಸಲ ಅಂದಿದ್ದಾರೆ ಅಂದರೆ ಆ ಸರ್ಜನ್ ಯಜಮಾನರ ಶುಗರನ್ನೂ ಬೀಡಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ.

ನೀವು ದಪ್ಪ ನರ ಅಂದಿರುವುದು ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ಹುರಿ (ಟೆಂಡನ್). ತೊಡೆಯಿಂದ ತೆಳ್ಳಗೆ ತೆಗೆದು ಅಂಟಿಸುವ ಚರ್ಮ ಬರಿ ಹುರಿಯ ಮೇಲೆ ಹಿಡಿಯುವುದಿಲ್ಲ. ಅದಕ್ಕೇ ಫ್ಲ್ಯಾಪ್. ಚರ್ಮ, ಕೊಬ್ಬು, ರಕ್ತನಾಳ ಎಲ್ಲ ಸೇರಿದ ತುಂಡನ್ನು ಒಂದು ಕಡೆ ಕಾಲಿಗೆ ಅಂಟಿಕೊಂಡಂತೆಯೇ ಬಿಟ್ಟು ತಿರುಗಿಸುತ್ತಾರೆ. ಆ ಬುಡದಿಂದ ಬರುವ ರಕ್ತವೇ ಅದರ ಜೀವ, ಹಾಗಾಗಿ ಬುಡದಿಂದ ದೂರ ಇರುವ ತುದಿ ಮೊದಲು ಸೊರಗುತ್ತದೆ. ಮೊದಲ ಆಪರೇಷನ್ನಿನಲ್ಲಿ ಚರ್ಮವನ್ನು ಸುತ್ತ ಕೊಯ್ದು, ಸ್ವಲ್ಪ ಬಿಡಿಸಿ, ಮತ್ತೆ ಅಲ್ಲೇ ಹೊಲಿಯುತ್ತಾರೆ. ಬೇರೆ ದಾರಿ ಕಟ್ಟಾದ ಕಾರಣ ಬುಡದ ಕಡೆಯ ಸಣ್ಣ ನಾಳಗಳು ನಿಧಾನಕ್ಕೆ ಅಗಲವಾಗುತ್ತವೆ. ಸಾಮಾನ್ಯವಾಗಿ ಎರಡು ವಾರದ ಹೊತ್ತಿಗೆ ತುದಿಗೂ ರಕ್ತ ಚೆನ್ನಾಗಿ ಹೋಗುತ್ತದೆ. ಆಮೇಲೆ ಹಿಮ್ಮಡಿಗೆ ತಿರುಗಿಸುತ್ತಾರೆ.

ಬೀಡಿ ವಿಷಯಕ್ಕೆ ಬರೋಣ. ನಿಕೋಟಿನ್ ಇದೇ ಸಣ್ಣ ನಾಳಗಳನ್ನು ಬಿಗಿ ಮಾಡುತ್ತದೆ, ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ. ಕನಿಷ್ಠ 4 ವಾರ ಮೊದಲು, 4 ವಾರ ಆಮೇಲೆ ಪೂರ್ತಿ ಬಿಡಬೇಕು. "ದಿನಕ್ಕೆ ಒಂದೇ" ಅನ್ನುವ ಮಾತು ಬೇಡವೇ ಬೇಡ. ಬೀಡಿ ಬಿಟ್ಟು ಹೊಗೆಸೊಪ್ಪು ಹಾಕಿಕೊಂಡರೂ ಅದೇ ನಿಕೋಟಿನ್. ನಿಕೋಟಿನ್ ಗಮ್ ಬೇಕೆನಿಸಿದರೆ ಸರ್ಜನ್ನನ್ನು ಕೇಳಿಯೇ ತೆಗೆದುಕೊಳ್ಳಲಿ. ಶುಗರ್ ಹತೋಟಿಗೆ ತರುವ ಕೆಲಸವೂ ಇವತ್ತೇ ಶುರುವಾಗಲಿ.

ರಕ್ತ ಒಳಗೆ ಬಂದರಷ್ಟೇ ಸಾಲದು, ಹೊರಗೂ ಹೋಗಬೇಕು. ಗದ್ದೆಗೆ ನೀರು ಬಿಟ್ಟ ಮೇಲೆ ಬಸಿಯಲು ದಾರಿ ಇಲ್ಲದಿದ್ದರೆ ಪೈರು ಕೊಳೆಯುತ್ತದೆ, ಅಲ್ವಾ? ಮೀನಖಂಡದ ಫ್ಲ್ಯಾಪಿನಲ್ಲಿ ರಕ್ತ ನಾಳದ ಕವಾಟಗಳಿಗೆ ಎದುರಾಗಿ ಹಿಂದಿರುಗಬೇಕಾದ್ದರಿಂದ ಈ ತೊಂದರೆ ಜಾಸ್ತಿ. ರಕ್ತ ಬರುತ್ತಿಲ್ಲ ಅಂದರೆ ಚರ್ಮ ಬಿಳಿಚಿ ತಣ್ಣಗಾಗುತ್ತದೆ. ಹೋಗುತ್ತಿಲ್ಲ ಅಂದರೆ ನೀಲಿಗಟ್ಟಿ ಊದಿಕೊಳ್ಳುತ್ತದೆ, ಒತ್ತಿ ಬಿಟ್ಟರೆ ಬಣ್ಣ ತಟ್ಟನೆ ಮರಳುತ್ತದೆ. ನಮ್ಮ ಮೈಬಣ್ಣದಲ್ಲಿ ನೀಲಿ ಬೇಗ ಗೊತ್ತಾಗುವುದಿಲ್ಲ, ಊತದ ಮೇಲೂ ಕಣ್ಣಿಡಿ. ಕಾಲು ಎದೆಗಿಂತ ಮೇಲಿರಲಿ, ಆದರೆ ಫ್ಲ್ಯಾಪಿನ ಬುಡ ದಿಂಬಿಗೆ ಒತ್ತಬಾರದು.

ಇಂಬಳದ ಮಾತು ಪೂರ್ತಿ ಸುಳ್ಳಲ್ಲ. ರಕ್ತ ಕಟ್ಟಿಕೊಂಡ ಫ್ಲ್ಯಾಪಿಗೆ ಆಸ್ಪತ್ರೆಗಳಲ್ಲಿ ಜಿಗಣೆ ಬಿಡುವುದುಂಟು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಅದಕ್ಕೆ ಅನುಮತಿಯನ್ನೂ ಕೊಟ್ಟಿದೆ. ಆದರೆ ಅವು ಇದಕ್ಕೆಂದೇ ಸಾಕಿದ ನೀರಿನ ಜಿಗಣೆಗಳು. ಅವುಗಳ ಹೊಟ್ಟೆಯಲ್ಲಿಯೂ ಏರೋಮೊನಾಸ್ ಎಂಬ ಬ್ಯಾಕ್ಟೀರಿಯಾ ಇರುವುದರಿಂದ ಜೊತೆಗೆ ಆಂಟಿಬಯೋಟಿಕ್ ಕೊಡಲೇಬೇಕು. ಕಾಫಿ ತೋಟದ ಇಂಬಳ ತಂದು ಶುಗರ್ ಇರುವವರ ಗಾಯಕ್ಕೆ ಬಿಟ್ಟರೆ ಸೋಂಕು ತಗುಲಿ ಕಾಲಿಗೇ ಅಪಾಯ. ದಯವಿಟ್ಟು ಮಾಡಬೇಡಿ. ರಕ್ತವೇ ಬರದ ಫ್ಲ್ಯಾಪಿಗಂತೂ ಜಿಗಣೆಯಿಂದ ಏನೂ ಉಪಯೋಗವಿಲ್ಲ.

ಮಲೆನಾಡಿನ ಚಳಿಯಲ್ಲಿ ಕೋಣೆ ಬೆಚ್ಚಗಿರಲಿ, ಕಂಬಳಿ ಹೊದೆಯಲಿ. ಆದರೆ ಆ ಕಾಲನ್ನು ಬೆಂಕಿಗೆ ಹಿಡಿಯಬಾರದು, ಬಿಸಿನೀರಿನ ಚೀಲ ಇಡಬಾರದು. ಹೊಸ ಚರ್ಮಕ್ಕೆ ಸ್ಪರ್ಶವಿರುವುದಿಲ್ಲ, ಸುಟ್ಟರೂ ತಿಳಿಯುವುದಿಲ್ಲ. ಮೊಟ್ಟೆ, ಬೇಳೆ, ಮೀನು ನಂಜು ಅಂತ ಸುಮ್ನೆ ನಿಲ್ಲಿಸಬೇಡಿ. ಕಿಡ್ನಿ ಸರಿಯಿದ್ದರೆ ಗಾಯ ಮಾಗಲು ಅವೇ ಬೇಕು.

ಇನ್ನೊಂದು ಮಾತು. ಚರ್ಮ ತಿರುಗಿಸಿದ ಮೊದಲ ಮೂರು ದಿನ ತುಂಬಾ ಮುಖ್ಯ. ಬಣ್ಣ ಬದಲಾದಾಗ ಬೇಗ ನೋಡಿದರೆ ಒಂದೆರಡು ಹೊಲಿಗೆ ಸಡಿಲಿಸಿಯೇ ಉಳಿಸಿಕೊಳ್ಳಬಹುದು. ಮಳೆಗಾಲದಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಕುಸಿದರೆ ನೀವು ಮಂಗಳೂರು ತಲುಪುವುದೇ ಕಷ್ಟ. ಹಾಗಾಗಿ ಬೇಗ ಮನೆಗೆ ಕಳಿಸಿ ಎಂದು ಒತ್ತಾಯ ಮಾಡಬೇಡಿ, ಡಾಕ್ಟರ್ ಹೇಳುವಷ್ಟು ದಿನ ಅಲ್ಲೇ ಇರಿ.