ಆಂಬುಲೆನ್ಸ್‌ಗಿಂತ ಮೊದಲು ಪೊಲೀಸರು ಬಂದಾಗ

ಪ್ರಶ್ನೆ: ನಮ್ಮೂರಿನ ಬಳಿ ಹೆದ್ದಾರಿಯಲ್ಲಿ ಬೈಕ್ ಸವಾರನೊಬ್ಬನಿಗೆ ಲಾರಿ ತಗುಲಿ, ತೊಡೆಯಿಂದ ರಕ್ತ ಸುರಿಯುತ್ತಿತ್ತು. ಪೊಲೀಸ್ ಜೀಪು ಬೇಗನೆ ಬಂದರೂ ಸಿಬ್ಬಂದಿ ಜನರನ್ನು ಚದುರಿಸಿ, 108 ಬರುವವರೆಗೆ ಕಾಯುತ್ತಾ ನಿಂತರು. ಅಮೆರಿಕದಲ್ಲಿ ಅಗ್ನಿಶಾಮಕ ದಳದವರೇ ಚಿಕಿತ್ಸೆ ಕೊಡುತ್ತಾರಂತೆ. ನಮ್ಮ ಪೊಲೀಸರಿಗೂ ಅಗ್ನಿಶಾಮಕ ಸಿಬ್ಬಂದಿಗೂ ಅಂಥ ತರಬೇತಿ ಏಕೆ ಕೊಡಬಾರದು?
– ತುಮಕೂರು ಜಿಲ್ಲೆಯ ಓದುಗರು

ಉತ್ತರ: ಕೊಡಬಹುದು, ಕೊಡಲೇಬೇಕು. ತೊಡೆಯ ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಹೃದಯ ನಿಂತವರಿಗೆ ಎದೆ ಒತ್ತದೆ, ವಿದ್ಯುತ್ ಆಘಾತ ನೀಡದೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಕುಗ್ಗುತ್ತದೆ. ಹಾಗಾಗಿ ಮೊದಲು ತಲುಪಿದವರು ಯಾರೇ ಆಗಿರಲಿ, ಅವರ ಕೈಗೆ ಕೆಲಸ ತಿಳಿದಿರಬೇಕು. ಆದರೆ ತರಬೇತಿಯೊಂದರಿಂದಲೇ ಇದು ಸಾಧ್ಯವಾಗುತ್ತದೆ ಎಂಬ ನಂಬಿಕೆಗೆ ಅಮೆರಿಕದ ಅನುಭವವೇ ಅಡ್ಡ ನಿಲ್ಲುತ್ತದೆ.

ಮಿನೆಸೋಟ ರಾಜ್ಯದ ರೋಚೆಸ್ಟರ್ ನಗರದಲ್ಲಿ 1990ರಿಂದ ಪೊಲೀಸ್ ಕಾರುಗಳಲ್ಲಿ ಎಇಡಿ, ಅಂದರೆ ಲಯ ತಪ್ಪಿದ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರ, ಇರಿಸಲಾಯಿತು. ಹೃದಯಸ್ತಂಭನದ ಕರೆ ಬಂದೊಡನೆ ಆಂಬುಲೆನ್ಸ್‌ಗೂ ಪೊಲೀಸರಿಗೂ ಒಟ್ಟಿಗೇ ಸೂಚನೆ ಹೋಗುತ್ತಿತ್ತು; ಆರಂಭದ ವರ್ಷಗಳಲ್ಲಿ ಪೊಲೀಸರು ಮೊದಲು ಆಘಾತ ನೀಡಿದ ರೋಗಿಗಳ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ಬದುಕಿ ಮನೆಗೆ ಮರಳಿದರು. ಇಂಡಿಯಾನಾ ರಾಜ್ಯದ ಉಪನಗರ ಮತ್ತು ಗ್ರಾಮೀಣ ಭಾಗಗಳಲ್ಲಿ ಇಂಥದ್ದೇ ಯಂತ್ರವನ್ನು ಪೊಲೀಸರಿಗೆ ಕೊಟ್ಟು ನೋಡಿದಾಗ ಮಾತ್ರ ಬದುಕುಳಿದವರ ಪ್ರಮಾಣ ಹೆಚ್ಚಲಿಲ್ಲ, ಏಕೆಂದರೆ ಅಂಥ ಕರೆಗಳಿಗೆ ಪೊಲೀಸರು ಹೋದದ್ದೇ ತೀರಾ ಅಪರೂಪ. ಯಂತ್ರ ಕಾರಿನಲ್ಲಿತ್ತು, ಕಾರು ಬೇರೆಲ್ಲೋ ಇತ್ತು. ನಮ್ಮಲ್ಲಿಯೂ 108ಕ್ಕೆ ಬಂದ ಕರೆ ಅದೇ ಕ್ಷಣ ಹತ್ತಿರದ ಗಸ್ತು ವಾಹನಕ್ಕೂ ತಲುಪದಿದ್ದರೆ ಪೊಲೀಸರು ಎಷ್ಟು ಕಲಿತರೂ ಫಲವಿಲ್ಲ.

ಒಬ್ಬರೇ ಎಲ್ಲವನ್ನೂ ಮಾಡುವ ಮಾದರಿಯೂ ಇದೆ. ಕನ್ನಡಿಗರೂ ನೆಲೆಸಿರುವ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ 1950ರಿಂದ ಒಂದೇ ಇಲಾಖೆಯ ಅಧಿಕಾರಿಗಳು ಪೊಲೀಸ್ ಕೆಲಸವನ್ನೂ ಬೆಂಕಿ ಆರಿಸುವ ಕೆಲಸವನ್ನೂ ನಿರ್ವಹಿಸುತ್ತಾ ಬಂದಿದ್ದು, ತುರ್ತು ವೈದ್ಯಕೀಯ ತರಬೇತಿಯನ್ನೂ ಪಡೆಯುತ್ತಾರೆ. ಬಂದೋಬಸ್ತ್, ಸಮನ್ಸ್, ಮಹಜರುಗಳ ನಡುವೆ ಬಿಡುವೇ ಸಿಗದ ನಮ್ಮ ಕಾನ್‌ಸ್ಟೆಬಲ್‌ಗೆ ಅಷ್ಟನ್ನು ಹೊರಿಸುವುದು ನ್ಯಾಯವೂ ಅಲ್ಲ, ಅಗತ್ಯವೂ ಇಲ್ಲ.

ನನ್ನ ಅಭಿಪ್ರಾಯದಲ್ಲಿ ಪೊಲೀಸರಿಗೆ ರಕ್ತ ನಿಲ್ಲಿಸುವುದು, ಉಸಿರಿನ ದಾರಿ ತೆರೆದಿಡುವುದು ಮತ್ತು ಸಿಪಿಆರ್ (ಹೃದಯ ನಿಂತವರ ಎದೆ ಒತ್ತುವುದು), ಇಷ್ಟು ಸಾಕು. ರಕ್ತ ಹರಿಯುವ ಜಾಗವನ್ನು ಬಟ್ಟೆಯಿಂದ ಬಲವಾಗಿ ಒತ್ತಿ ಹಿಡಿಯಬೇಕು. ಕೈಕಾಲಿನ ಗಾಯದಲ್ಲಿ ಅದರಿಂದ ನಿಲ್ಲದಿದ್ದರೆ ಗಾಯಕ್ಕಿಂತ ಮೇಲೆ ಟೂರ್ನಿಕೆಟ್, ಅಂದರೆ ರಕ್ತ ಹರಿಯದಂತೆ ತಡೆಯುವ ಪಟ್ಟಿ, ಬಿಗಿದು, ಬಿಗಿದ ಸಮಯವನ್ನು ಬರೆದಿಡಬೇಕು. ಸಿಪಿಆರ್‌ನಲ್ಲಿ ಎದೆಯ ನಡುಭಾಗವನ್ನು 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ಇವೆಲ್ಲ ಪಾಠ ಕೇಳಿ ಬರುವ ವಿದ್ಯೆಯಲ್ಲ, ಬೊಂಬೆಯ ಮೇಲೆ ಬೆವರಿ ಕಲಿಯಬೇಕಾದವು. ಅಭ್ಯಾಸ ಬಿಟ್ಟರೆ ಕೆಲವೇ ತಿಂಗಳಲ್ಲಿ ಕೈ ಮರೆಯುತ್ತದೆ. ಒಂದು ದಿನದ ಶಿಬಿರ ನಡೆಸಿ, ಪ್ರಮಾಣಪತ್ರ ಹಂಚಿ, ಗುಂಪು ಫೋಟೊ ತೆಗೆಸಿಕೊಳ್ಳುವ ನಮ್ಮ ಪದ್ಧತಿಯ ಬಗ್ಗೆ ನನ್ನ ತಕರಾರು ಇರುವುದು ಇಲ್ಲಿಯೇ. ಮಾಡಬಾರದ್ದನ್ನು ಕಲಿಸುವುದೂ ಅಷ್ಟೇ ಮುಖ್ಯ: ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕುವುದು, ಗಾಯಕ್ಕೆ ಕಾಫಿಪುಡಿ ಮೆತ್ತುವುದು ಇನ್ನೂ ನಿಂತಿಲ್ಲ.

ಅಗ್ನಿಶಾಮಕ ಸಿಬ್ಬಂದಿಗೆ ಇದಕ್ಕಿಂತ ಹೆಚ್ಚು ಬೇಕು. ನಜ್ಜುಗುಜ್ಜಾದ ವಾಹನವನ್ನು ಕತ್ತರಿಸಿ ಜನರನ್ನು ಹೊರತೆಗೆಯುವವರು ಅವರೇ ಆದ್ದರಿಂದ, ಕುತ್ತಿಗೆ ಅಲುಗದಂತೆ ಹಿಡಿಯುವುದು ಅವರಿಗೆ ರೂಢಿಯಾಗಿರಬೇಕು. ಗಂಟೆಗಟ್ಟಲೆ ಭಾರದಡಿ ಜಜ್ಜಿಹೋದ ಕಾಲನ್ನು ಒಮ್ಮೆಲೇ ಬಿಡಿಸಿದರೆ, ಸತ್ತ ಸ್ನಾಯುಗಳಿಂದ ಹೊರಬಿದ್ದ ಪೊಟ್ಯಾಸಿಯಂ ರಕ್ತಕ್ಕೆ ಸೇರಿ ಹೃದಯವೇ ನಿಲ್ಲಬಹುದು. ಬಿಡಿಸುವ ಮೊದಲೇ ವೈದ್ಯಕೀಯ ಸಿಬ್ಬಂದಿಯನ್ನು ಕರೆಸಿ ಡ್ರಿಪ್ ಹಾಕಿಸಬೇಕೆಂಬುದು ತಿಳಿದಿದ್ದರೆ, ಹೊರತೆಗೆದ ಮೇಲೆ ಜೀವ ಕಳೆದುಕೊಳ್ಳುವ ದುರಂತ ತಪ್ಪೀತು.

ಗಾಯಾಳುವನ್ನು ಜೀಪಿಗೇ ಹಾಕಿಕೊಂಡು ಹೋಗಬಾರದೇ ಎಂದೂ ಕೆಲವರು ಕೇಳುತ್ತಾರೆ. ಫಿಲಡೆಲ್ಫಿಯಾದ ಪೊಲೀಸರು ಗುಂಡೇಟು, ಚೂರಿ ಇರಿತಕ್ಕೆ ಒಳಗಾದವರನ್ನು ದಶಕಗಳಿಂದ ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಒಯ್ಯುತ್ತಿದ್ದಾರೆ. ಆದರೆ ಅಲ್ಲಿ ಅಪಘಾತ ಚಿಕಿತ್ಸಾ ಕೇಂದ್ರಗಳು ಹತ್ತಿರದಲ್ಲಿವೆ, ಮತ್ತು ಇರಿತದ ಗಾಯಕ್ಕೂ ಬೆನ್ನುಮೂಳೆ ಮುರಿಯಬಲ್ಲ ಲಾರಿಯ ಹೊಡೆತಕ್ಕೂ ವ್ಯತ್ಯಾಸವಿದೆ. ಆಂಬುಲೆನ್ಸ್ ಬಹಳ ದೂರದಲ್ಲಿದ್ದು ರಕ್ತವೂ ನಿಲ್ಲದಿದ್ದರೆ ನಾನು ಜೀಪನ್ನೇ ಆರಿಸಿಕೊಂಡೇನು.

ಪೊಲೀಸರು ಮುಟ್ಟಲು ಹಿಂಜರಿದರೆ ನೀವೇ ಮುಂದಾಗಬಹುದು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಮಿನಂತೆ, ಅಪಘಾತದ ಸ್ಥಳದಲ್ಲಿ ಪ್ರತಿಫಲ ಬಯಸದೆ ಸದುದ್ದೇಶದಿಂದ ನೆರವಾದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಹೊರಿಸುವಂತಿಲ್ಲ. ಮುಂದಿನ ಬಾರಿ ಹೆಗಲ ಮೇಲಿನ ಟವೆಲನ್ನೇ ಮಡಚಿ ಗಾಯದ ಮೇಲಿಟ್ಟು, ಎರಡೂ ಅಂಗೈಗಳಿಂದ ಮೈಭಾರ ಹಾಕಿ ಒತ್ತಿ. ನಿಂತಿತೇ ಎಂದು ನಡುನಡುವೆ ಎತ್ತಿ ನೋಡಬೇಡಿ.